ಮಹಾಪೆಯ ಏರಿನಲ್ಲಿ ನಿಂತ ಸ್ಕೂಟರ್

ಪ್ರೇಕ್ಷಾಳಿಗೆ ಸ್ಕೂಟರ್ ಓಡಿಸಲು ಬರುವುದಿಲ್ಲ ಎಂಬ ವಿಷಯ ಡೊಂಬಿವಲಿಯ ಅವರ ಸೊಸೈಟಿಯ ವಾಚ್‌ಮನ್‌ನಿಂದ ಹಿಡಿದು ಮುಲ್ಕಿಯಲ್ಲಿದ್ದ ಸೋದರತ್ತೆಯವರೆಗೆ ಎಲ್ಲರಿಗೂ ಗೊತ್ತಾಗಿಹೋಗಿತ್ತು. ಬಿದ್ದವಳು ಅವಳು, ಹೆಗಲ ಎಲುಬು ಮುರಿದುಕೊಂಡವಳು ಅವಳು. ಹೇಗೆ ಬಿದ್ದಳು ಎಂದು ಹೇಳುವವರು ಮಾತ್ರ ಬೇರೆಯವರು.

ಅವಳು ಹೇಳುವುದು ಮೊದಲಿನಿಂದಲೂ ಒಂದೇ ಮಾತು. ಅಂದು ಸಂಜೆ ಅವಳು ಮನೆಗೆ ವಾಪಸು ಬರುತ್ತಿದ್ದಳು. ಮಹಾಪೆ ದಾಟಿ ಶಿಳ್‌ಫಾಟಾ ಕಡೆಗೆ ಏರುವ ರಸ್ತೆ. ಮುಂದೆ ಟ್ಯಾಂಕರ್, ಹಿಂದೆ ಕಂಟೇನರ್ ಲಾರಿ. ಮೀಟರಿನಲ್ಲಿ ಎಂಜಿನ್ ಚಿತ್ರದ ಕಿತ್ತಳೆ ದೀಪ ಹತ್ತಿಕೊಂಡಿತು, ಸ್ಕೂಟರ್ ಒಮ್ಮೆ ಮುಗ್ಗರಿಸಿದ ಹಾಗಾಗಿ ಎಂಜಿನ್ ಬಂದ್ ಆಯಿತು. ಆಕ್ಸಿಲರೇಟರ್ ತಿರುವಿದರೆ ಉಸಿರಿಲ್ಲ. ಎಡಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಕಂಟೇನರಿನ ಮೂತಿ ಹಿಂದಿನಿಂದ ತಾಗಿತು. ಲಾರಿಯವನು ಬ್ರೇಕ್ ಒತ್ತದೇ ಇದ್ದಿದ್ದರೆ ಇದನ್ನೆಲ್ಲ ಹೇಳಲು ಅವಳು ಇರುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಪಕ್ಕದಲ್ಲಿ ಅವಳ ತಂದೆ ದಯಾನಂದ ಕೂತಿದ್ದರು. ಠಾಣೆ ಪೇಟೆಯ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುವ, ಯಾರೊಂದಿಗೂ ಸ್ವರ ಏರಿಸಿ ಮಾತಾಡದ ಮನುಷ್ಯ. ಅವರ ಕಣ್ಣು ಕೆಂಪಾಗಿತ್ತು. ದೀಪ ಹತ್ತಿತು, ಗಾಡಿ ತಾನಾಗಿ ನಿಂತಿತು ಎಂದು ಅವಳು ಹೇಳಿದಾಗ ಅವರು ಅವಳ ಕೈ ಸವರುತ್ತ, "ಆಯ್ತು ಮಗಾ. ಲಾರಿ ಹಿಂದೆ ಬಂದಾಗ ನಿನಗೆ ಗಾಬರಿ ಆಗಿರ್ಬೇಕು" ಎಂದರು. ಆ ಮಾತು ಅಲ್ಲಿಂದ ಹೊರಟು ಊರೆಲ್ಲ ತಿರುಗಿತು.

ಅದನ್ನು ಹೆಚ್ಚು ತಿರುಗಿಸಿದವರು ಠಾಕುರ್ಲಿಯ ಲೋಕನಾಥ ಮಾಮ, ತಾಯಿಯ ತಮ್ಮ. ಮೋಸಂಬಿ ಹಿಡಿದುಕೊಂಡು ನೋಡಲು ಬಂದವರು ಒಂದು ಗಂಟೆ ಕೂತು, ಹುಡುಗಿಯರು ಬ್ರೇಕ್ ಒತ್ತುವ ಬದಲು ಎರಡೂ ಕಾಲು ಕೆಳಗೆ ಬಿಡುವುದು, ಕನ್ನಡಿ ನೋಡದೆ ತಿರುಗುವುದು ಇತ್ಯಾದಿಗಳ ಬಗ್ಗೆ ಉಪದೇಶ ಮಾಡಿ ಹೋದರು. ಪ್ರೇಕ್ಷಾ ಮೂರು ವರ್ಷದಿಂದ ಅದೇ ರಸ್ತೆಯಲ್ಲಿ, ಮಳೆಗಾಲದಲ್ಲೂ, ಒಂದು ಗೀರು ಬೀಳದ ಹಾಗೆ ಓಡಿಸಿದವಳು. ಅದನ್ನು ಹೇಳಹೊರಟರೆ ತಾಯಿ ಪ್ರಫುಲ್ಲಾ, ದೊಡ್ಡವರ ಎದುರು ವಾದ ಬೇಡ ಎಂದು ಕಣ್ಣಲ್ಲೇ ತಡೆಯುತ್ತಿದ್ದರು. ಕೈಗೆ ಕುತ್ತಿಗೆಯಿಂದ ಜೋಳಿಗೆ ಕಟ್ಟಿಕೊಂಡು ಮನೆಯಲ್ಲಿ ಬಿದ್ದಿದ್ದ ಅವಳಿಗೆ ಎಲುಬಿನ ನೋವಿಗಿಂತ ಇದೇ ಹೆಚ್ಚು ಉರಿಯುತ್ತಿತ್ತು. ಬಂದವರೆಲ್ಲ ಅಯ್ಯೋ ಪಾಪ ಎನ್ನುತ್ತಿದ್ದರು, ಒಬ್ಬರಾದರೂ ಗಾಡಿ ಯಾಕೆ ನಿಂತಿತು ಎಂದು ಕೇಳಲಿಲ್ಲ.

ಸ್ಕೂಟರನ್ನು ದಯಾನಂದರೇ ಸರ್ವಿಸ್ ಸೆಂಟರಿಗೆ ಒಯ್ದು ಸರಿಮಾಡಿಸಿ ತಂದರು. ಕಂಪ್ಯೂಟರ್ ಹಾಕಿ ನೋಡಿದ್ದಾರೆ, ಒಂದು ದೋಷವೂ ಇಲ್ಲ, ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ ಎಂದರು. ಅದು ನಿಜವೇ ಆಗಿತ್ತು, ಸ್ಟಾರ್ಟ್ ಆಗುತ್ತಿತ್ತು. ಆಮೇಲೆ ಮೆಲ್ಲಗೆ ಇನ್ನೊಂದು ವಿಷಯ ತೆಗೆದರು. ಲೋಕನಾಥ ತನ್ನ ಮಗಳು ನಿಶ್ಮಿತಾಳಿಗಾಗಿ ಗಾಡಿ ಕೇಳುತ್ತಿದ್ದಾನೆ, ಅವಳು ಕಲ್ಯಾಣದ ಕಾಲೇಜಿಗೆ ಹೋಗಬೇಕು, ಭಾನುವಾರ ಬಂದು ಒಯ್ಯುತ್ತಾನೆ. ಪ್ರೇಕ್ಷಾ ಇನ್ನು ಮೇಲೆ ರೈಲಿನಲ್ಲಿ ಹೋಗಲಿ. ತನ್ನ ಸಂಬಳದಲ್ಲಿ ಕೊಂಡ ಗಾಡಿಯನ್ನು ತನ್ನನ್ನು ಕೇಳದೆ ಮಾತಾಡಿ ಮುಗಿಸಿದ್ದಾರೆ ಎಂದು ಗೊತ್ತಾದಾಗ ಅವಳು ತಟ್ಟೆ ಬಿಟ್ಟು ಎದ್ದಳು. ನಿಶ್ಮಿತಾ ಬಹಳ ನಿಧಾನದ ಹುಡುಗಿ, ಚೆನ್ನಾಗಿ ಓಡಿಸುತ್ತಾಳೆ ಎಂದು ಮಾಮ ಫೋನಿನಲ್ಲಿ ಹೇಳುತ್ತಿದ್ದದ್ದು ಒಳಕೋಣೆಯವರೆಗೂ ಕೇಳಿತು.

ಶನಿವಾರ ಆಫೀಸಿನ ಗೆಳತಿ ಸುಮೇಧಾ ನೋಡಲು ಬಂದಳು. ಸುಮೇಧಾಳ ಮನೆಯವರು ವಿಜಯಪುರದ ಕಡೆಯವರು. ಅವಳು ಕೆಲಸಕ್ಕಾಗಿ ಒಬ್ಬಳೇ ಇಲ್ಲಿದ್ದಳು. ಅವಳ ಎದುರು ಪ್ರೇಕ್ಷಾ ಮನಸ್ಸಿನಲ್ಲಿದ್ದದ್ದನ್ನೆಲ್ಲ ಸುರಿದಳು. ಸುಮೇಧಾ ಪೂರ್ತಿ ಕೇಳಿ, ದೀಪ ಹತ್ತಿದ್ದು ಖಂಡಿತಾನಾ ಎಂದು ಒಂದೇ ಪ್ರಶ್ನೆ ಕೇಳಿದಳು. ಹೌದು ಎಂದಾಗ, ಹಾಗಾದರೆ ಅದು ಗಾಡಿಯೊಳಗಿನ ಕಂಪ್ಯೂಟರಿನ ನೆನಪಿನಲ್ಲಿ ಇನ್ನೂ ಇರಬೇಕು ಎಂದಳು. ಸರ್ವಿಸ್ ಸೆಂಟರಿನ ಕಂಪ್ಯೂಟರಿಗೆ ಸಿಗದೇ ಇರುವುದು ಹೇಗೆ?

ಪ್ರೇಕ್ಷಾ ಸರ್ವಿಸ್ ಸೆಂಟರಿಗೆ ಫೋನ್ ಮಾಡಿದಳು. ಗಾಡಿಯ ನಂಬರು ಹೇಳಿದ ಮೇಲೆ ಅಲ್ಲಿನ ಹುಡುಗಿ, ಹ್ಯಾಂಡಲ್ ನೇರ ಮಾಡಿದ್ದು, ಕನ್ನಡಿ ಹಾಕಿದ್ದು, ಎಡಗಡೆಯ ಪ್ಯಾನೆಲ್ ಬದಲಿಸಿದ್ದು ಎಲ್ಲ ಓದಿ ಹೇಳಿದಳು. ಕಂಪ್ಯೂಟರಿನ ಸ್ಕ್ಯಾನರ್ ಹಾಕಿಲ್ಲ, ಅಂಕಲ್ ಬೇಡ ಎಂದರು, ಈಗ ಹಾಕಬೇಕಾದರೆ ಗಾಡಿ ತೆಗೆದುಕೊಂಡು ಬನ್ನಿ ಎಂದಳು. ಪಪ್ಪ ಯಾಕೆ ಬೇಡ ಎಂದರು ಎಂದು ಪ್ರೇಕ್ಷಾಳಿಗೆ ತಿಳಿಯಲಿಲ್ಲ. ಖರ್ಚು ಉಳಿಸಲು ಇರಬೇಕು ಎಂದುಕೊಂಡಳು. ಆಗಲೂ ಅವಳು ತಂದೆಯ ಪರವಾಗಿಯೇ ಒಂದು ಕಾರಣ ಹುಡುಕಿಕೊಂಡಿದ್ದಳು.

ಮುರಿದ ಎಲುಬಿನಲ್ಲಿ ಗಾಡಿ ಒಯ್ಯುವುದು ಹೇಗೆ? ನಾಳೆ ಮಾಮ ಬಂದರೆ ಗಾಡಿಯೂ ಇಲ್ಲ.

"ಸ್ಕ್ಯಾನರ್ ಬ್ಯಾಡ," ಎಂದಳು ಸುಮೇಧಾ. "ತುರ್ಭೆದಾಗ ನನ್ನ ಗಾಡಿ ಹಿಂಗ ನಿಂತಾಗ ರಸ್ತಾದ ಮೆಕ್ಯಾನಿಕ್ ಒಂದ್ ತಂತಿ ತುಂಡಿನಾಗ ಓದಿದ್ದ. ನಾ ನಿಂತು ನೋಡೇನಿ. ನಿಂದೂ ಅದ ಮಾಡೆಲ್ ಐತಲ್ಲ."

ಇಬ್ಬರೂ ಪಾರ್ಕಿಂಗಿಗೆ ಇಳಿದರು. ಸುಮೇಧಾ ಸೀಟು ಎತ್ತಿ, ಬ್ಯಾಟರಿಯ ಪಕ್ಕದಲ್ಲಿ ಯಾವುದಕ್ಕೂ ಜೋಡಿಸದೆ ಬಿಟ್ಟಿದ್ದ, ರಬ್ಬರ್ ಮುಚ್ಚಳದ ಸಣ್ಣ ಪ್ಲಗ್ ಒಂದನ್ನು ಹೊರಗೆಳೆದಳು. ಸ್ಕ್ಯಾನರ್ ಸಿಕ್ಕಿಸುವ ಜಾಗ ಅದು. ಕಾಗದಕ್ಕೆ ಹಾಕುವ ಪಿನ್ನನ್ನು ನೆಟ್ಟಗೆ ಮಾಡಿ, ಬಗ್ಗಿಸಿ, ಅದರ ಎರಡು ತೂತುಗಳಿಗೆ ಸೇತುವೆಯ ಹಾಗೆ ಸಿಕ್ಕಿಸಿದಳು. ಯಾವ ಎರಡು ತೂತು ಎಂದು ನೆನಪು ಮಾಡಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ತಪ್ಪು ತೂತಿಗೆ ಹಾಕಿದರೆ ಫ್ಯೂಸ್ ಹೋಗುತ್ತದೆ ಎಂದು ಮೆಕ್ಯಾನಿಕ್ ಬೈದಿದ್ದನಂತೆ. ಕೊನೆಗೆ ವೈರುಗಳ ಬಣ್ಣ ನೋಡಿ ಖಾತ್ರಿ ಮಾಡಿಕೊಂಡು, ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ತಿರುವಲು ಹೇಳಿದಳು.

ಕಿತ್ತಳೆ ದೀಪ ಹತ್ತಿತು, ಆರಿತು. ಮತ್ತೆ ಹತ್ತಿ, ಈ ಸಲ ನಿಧಾನವಾಗಿ ಆರಿತು.

"ಉದ್ದಂದಕ್ಕ ಹತ್ತು, ಸಣ್ಣದಕ್ಕ ಒಂದು. ಎಣಸು."

ಮೊದಲ ಸಲ ಪ್ರೇಕ್ಷಾ ಲೆಕ್ಕ ತಪ್ಪಿದಳು. ದೀಪ ಸ್ವಲ್ಪ ಸುಮ್ಮನಿದ್ದು ಅದನ್ನೇ ಮತ್ತೆ ಹೇಳಿತು. ಎರಡು ಉದ್ದ, ನಾಲ್ಕು ಗಿಡ್ಡ. ಮತ್ತೊಮ್ಮೆ ಎರಡು ಉದ್ದ, ನಾಲ್ಕು ಗಿಡ್ಡ. ಸುಮೇಧಾ ಫೋನಿನಲ್ಲಿ ಆ ಮಾಡೆಲಿನ ಕೋಡುಗಳನ್ನು ಹುಡುಕಿ ಇಪ್ಪತ್ತನಾಲ್ಕರ ಎದುರು ಬೆರಳಿಟ್ಟಳು. ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲು ತಳ್ಳುವ ಪಂಪಿಗೆ ಕರೆಂಟು ಹೋಗುವ ದಾರಿ ತುಂಡಾಗಿತ್ತು. ಅಂದರೆ ಗಾಡಿ ಓಡುತ್ತಿರುವಾಗ ಆ ವೈರು ಕಡಿದುಹೋಗಿತ್ತು, ಆಮೇಲೆ ಮತ್ತೆ ಕೂಡಿಕೊಂಡಿತ್ತು. ನೆನಪು ಮಾತ್ರ ಉಳಿದಿತ್ತು.

ಪ್ರೇಕ್ಷಾ ಅಳಲಿಲ್ಲ. ಹಲ್ಲು ಕಚ್ಚಿಕೊಂಡು ಆ ಮಿಣುಕನ್ನೇ ನೋಡುತ್ತ ನಿಂತಳು. ಇಷ್ಟು ದಿನ ಒಬ್ಬರೂ ಕಿವಿಗೆ ಹಾಕಿಕೊಳ್ಳದ ತನ್ನ ಮಾತಿಗೆ ಈ ಗಾಡಿಯೊಂದು ಹೌದು ಹೌದು ಎನ್ನುತ್ತಿತ್ತು. ಸಮಾಧಾನ ಆಗಬೇಕಿತ್ತು. ಆದರೆ ಸಿಟ್ಟು ಇನ್ನೂ ಏರಿತು. ವೈರು ಎಲ್ಲಿ ಕಡಿದಿದೆ ನೋಡಲೇಬೇಕು ಎಂದು ಹಟ ಹಿಡಿದಳು. ಮನೆಯಿಂದ ಸ್ಕ್ರೂಡ್ರೈವರ್ ತಂದರು. ಸುಮೇಧಾ ಪ್ಯಾನೆಲ್ ಬಿಚ್ಚಿ ಪಂಪಿನಿಂದ ವೈರನ್ನು ಬೆರಳಲ್ಲಿ ಹಿಡಿದುಕೊಂಡು ಹಿಂದೆ ಹಿಂದೆ ಹೋದಳು. ಹಳೆಯ ಟೇಪಿಗೆಲ್ಲ ಧೂಳು ಮೆತ್ತಿತ್ತು. ಒಂದು ಕಡೆ ಮಾತ್ರ ಟೇಪು ಹೊಸದು, ಕಪ್ಪಗೆ ಹೊಳೆಯುತ್ತಿತ್ತು. ಅಲ್ಲಿ ವೈರನ್ನು ಕತ್ತರಿಸಿ ನಡುವೆ ಬೇರೆ ಎರಡು ವೈರು ಸೇರಿಸಿದ್ದರು. ಅವು ಸೀಟಿನ ಕೆಳಗಿನ ಮೂಲೆಯಲ್ಲಿ ಅಡಗಿಸಿಟ್ಟ, ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಪೆಟ್ಟಿಗೆಯೊಂದಕ್ಕೆ ಹೋಗಿದ್ದವು. ಪೆಟ್ಟಿಗೆಯ ಮೇಲೆ ಕಲ್ಯಾಣದ ಒಂದು ಅಂಗಡಿಯ ಸ್ಟಿಕ್ಕರ್ ಇತ್ತು.

"ಇದು ಕಂಪನಿದಲ್ಲ," ಎಂದಳು ಸುಮೇಧಾ, ಈಗ ಸ್ವರ ತಗ್ಗಿಸಿ. "ಯಾರೋ ಹಾಕ್ಯಾರ. ಒಳಗ ಸಿಮ್ ಐತಿ."

ಪ್ರೇಕ್ಷಾಳಿಗೆ ಮೊದಲು ಆದದ್ದು ಭಯ. ಯಾವನೋ ಗೊತ್ತಿಲ್ಲದವನು ತನ್ನ ಬೆನ್ನು ಹತ್ತಿದ್ದಾನೆ ಎಂದುಕೊಂಡಳು. ಆಫೀಸಿನಲ್ಲಿ ಕೆಟ್ಟ ದೃಷ್ಟಿಯವನೊಬ್ಬನಿದ್ದ, ಅವನ ಮುಖ ಕಣ್ಣ ಮುಂದೆ ಬಂತು. ಪೆಟ್ಟಿಗೆಯನ್ನು ಬಿಚ್ಚಿ, ಕತ್ತರಿಸಿದ ವೈರನ್ನು ಮೊದಲಿನ ಹಾಗೆ ಕೂಡಿಸಿ ಟೇಪು ಸುತ್ತಿ, ಇಬ್ಬರೂ ಆಗಿಂದಾಗಲೇ ಕಲ್ಯಾಣದ ಲೋಕಲ್ ಹತ್ತಿದರು. ಲೇಡೀಸ್ ಡಬ್ಬಿಯ ನೂಕಿನಲ್ಲಿ ಜೋಳಿಗೆಯ ಕೈಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದ ಅವಳಿಗೆ ಯಾರೋ ಎದ್ದು ಜಾಗ ಕೊಟ್ಟರು. ಅವಳು ಕೂರಲಿಲ್ಲ.

ಸೀಟ್ ಕವರು, ಹಾರ್ನು, ಬಣ್ಣದ ಲೈಟು ಮಾರುವ ಅಂಗಡಿ ಅದು. ಅಂಗಡಿಯವನು ಪೆಟ್ಟಿಗೆ ನೋಡಿದ್ದೇ ತನ್ನದೇ ಮಾಲು ಎಂದು ಗುರುತಿಸಿದ. ಅವನ ಹಿಂದಿಯಲ್ಲಿ ಯಾವ ಅಳುಕೂ ಇರಲಿಲ್ಲ. ಗಾಡಿ ಎಲ್ಲಿದೆ, ಎಷ್ಟು ಹೊತ್ತು ನಿಂತಿದೆ ಎಲ್ಲ ಫೋನಿನಲ್ಲಿ ಕಾಣುತ್ತದೆ. ಬೇಕೆಂದರೆ ಆ್ಯಪಿನ ಕೆಂಪು ಬಟನ್ ಒತ್ತಿದರೆ ಎಂಜಿನ್ ಬಂದ್. ಮತ್ತೆ ಒತ್ತಿದರೆ ಚಾಲು. ಕಳ್ಳರಿಗೆ ಮದ್ದು ಎಂದ. ಕೆಟ್ಟಿದೆಯಾ, ಗ್ಯಾರಂಟಿಯಲ್ಲಿ ಬದಲಿಸಿ ಕೊಡುತ್ತೇನೆ ಎಂದು ಪೆಟ್ಟಿಗೆಯ ನಂಬರನ್ನು ಫೋನಿನಲ್ಲಿ ಹಾಕಿ ನೋಡಿದ. "ದಯಾನಂದ್ ಅಂಕಲ್," ಎಂದ. "ಠಾಣೆ, ಹೋಟೆಲ್‌ವಾಲೆ. ಆಪ್ ಉನ್‌ಕೀ ಬೇಟಿ?"

ಪ್ರೇಕ್ಷಾ ಹೌದು, ಅವರ ಮಗಳು ಎಂದಳು.

ಇಂಥದ್ದು ಜಾಸ್ತಿ ಹೋಗುವುದು ಟೆಂಪೋ, ಟ್ರಕ್ಕುಗಳಿಗೆ, ಆಮೇಲೆ ಲೇಡೀಸ್ ಗಾಡಿಗಳಿಗೆ ಎಂದು ಅವನು ಕೇಳದೆಯೇ ಹೇಳಿದ. ಅಪ್ಪಂದಿರು ಬರುತ್ತಾರೆ, ಗಂಡಂದಿರು ಬರುತ್ತಾರೆ, ಎಲ್ಲ ಸೇಫ್ಟಿಗಾಗಿ. ಗಾಡಿ ಓಡುವಾಗ ಬಟನ್ ಒತ್ತಿದರೆ ಏನಾಗುತ್ತದೆ ಎಂದು ಸುಮೇಧಾ ಕೇಳಿದಳು. ಓಡುವಾಗ ಒತ್ತಬಾರದು, ಮ್ಯಾಪು ಕೆಲವೊಮ್ಮೆ ತಡವಾಗಿ ತೋರಿಸುತ್ತದೆ, ಅಂಕಲ್‌ಗೆ ಸರಿಯಾಗಿ ಹೇಳಿದ್ದೆ ಎಂದ. ಆಗ ಅವನ ಕಣ್ಣು ಪ್ರೇಕ್ಷಾಳ ಜೋಳಿಗೆಯ ಮೇಲೆ ಬಿತ್ತು. ಅವನು ಮಾತು ನಿಲ್ಲಿಸಿ ಗಿರಾಕಿ ಯಾರೋ ಕರೆದರೆಂಬಂತೆ ಒಳಗೆ ಹೋದ.

ವಾಪಸು ಬರುವಾಗ ಅವಳಿಗೆ ಎಲ್ಲ ಬಿಡಿಸಿಕೊಂಡಿತು. ಡೊಂಬಿವಲಿಯಿಂದ ಬೇಲಾಪುರದ ಆಫೀಸಿಗೆ ದಿನವೂ ಓಡಾಡಿ ಸಾಕಾಗಿ, ಸುಮೇಧಾಳ ಜೊತೆ ಸಾನಪಾಡಾದಲ್ಲಿ ಒಂದು ಮನೆ ಹಿಡಿಯುವ ಯೋಚನೆ ಮಾಡಿದ್ದಳು. ಮನೆಯಲ್ಲಿ ಹೇಳಿದರೆ ರಾದ್ಧಾಂತ ಎಂದು, ಎಲ್ಲ ನಿಕ್ಕಿಯಾದ ಮೇಲೆ ಹೇಳೋಣ ಎಂದು, ಕೆಲವು ಸಂಜೆ ಗುಟ್ಟಾಗಿ ಮನೆ ನೋಡಲು ಹೋಗಿದ್ದಳು. ಬಿದ್ದ ದಿನವೂ ಅಲ್ಲಿಂದಲೇ ಹೊರಟದ್ದು. ಅಂದು ಪಪ್ಪ ಫೋನ್ ಮಾಡಿ ಎಲ್ಲಿದ್ದೀ ಎಂದು ಕೇಳಿದ್ದರು. ಆಫೀಸಿನಲ್ಲಿ ಎಂದಿದ್ದಳು.

ಪೊಲೀಸ್ ಸ್ಟೇಷನ್ನಿಗೆ ಹೋಗೋಣ ಎಂದಳು ಸುಮೇಧಾ. ಪ್ರೇಕ್ಷಾ ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ನಾಳೆ ಮಾಮ ಬರಲಿ, ಮೊದಲು ಮನೆಯಲ್ಲಿ ಕೇಳುವುದಿದೆ ಎಂದಳು.

ಭಾನುವಾರ ಬೆಳಿಗ್ಗೆ ಲೋಕನಾಥ ಮಾಮ ಬಂದರು. ಹೊಸ ಹೆಲ್ಮೆಟ್ ತಂದಿದ್ದರು, ಮಗಳಿಗೆ ಗುಲಾಬಿ ಬಣ್ಣದ್ದು. ಅಡುಗೆಮನೆಯಲ್ಲಿ ಪ್ರಫುಲ್ಲಾ ನೀರುದೋಸೆ ಹೊಯ್ಯುತ್ತಿದ್ದರು. ದಯಾನಂದ ಗಾಡಿಯ ಕಾಗದಗಳನ್ನು ಜೋಡಿಸುತ್ತಿದ್ದರು. ಪ್ರೇಕ್ಷಾ ಒಳಗಿನಿಂದ ಬಂದು ಆ ಕಾಗದಗಳ ಮೇಲೆ ಕಪ್ಪು ಪೆಟ್ಟಿಗೆಯನ್ನು ಇಟ್ಟಳು. ಸಿಟ್ಟು ಬಂದರೆ ಅವಳ ಬಾಯಿಗೆ ಹಿಂದಿಯೇ ಬರುತ್ತಿತ್ತು. ಅಂದು ಮನೆಯ ತುಳುವಿನಲ್ಲೇ, ಒಂದೊಂದೇ ಶಬ್ದವಾಗಿ ಕೇಳಿದಳು.

"ಪಪ್ಪ, ಇದು ಎಂತ?"

ದಯಾನಂದ ಪೆಟ್ಟಿಗೆ ನೋಡಿದರು, ಭಾವಮೈದುನನ ಮುಖ ನೋಡಿದರು. ಕೈಯಲ್ಲಿದ್ದ ಕಾಗದವನ್ನು ಮಡಚಿದರು.

"ಜಿಪಿಎಸ್ಸು. ಗಾಡಿ ಕಳವಾದ್ರೆ ಅಂತ ಹಾಕ್ಸಿದ್ದು."

"ಅವತ್ತು ಗಾಡಿ ಕಳವಾಗಿತ್ತಾ?"

ಒಲೆಯ ಮೇಲಿನ ದೋಸೆ ಸೀದ ವಾಸನೆ ಬಂತು. ಪ್ರಫುಲ್ಲಾ ಬಾಗಿಲಿಗೆ ಬಂದು ನಿಂತರು. ಏನು ವಿಷಯ ಎಂದು ಮಾಮ ಕೇಳಿದರು. ಪ್ರೇಕ್ಷಾಳೇ ಹೇಳಿದಳು: ದೀಪದ ಲೆಕ್ಕ, ಕತ್ತರಿಸಿದ ವೈರು, ಕಲ್ಯಾಣದ ಅಂಗಡಿ, ಕೆಂಪು ಬಟನ್. ಹೇಳಿ ಮುಗಿಸಿ ತಂದೆಯ ಎದುರು ನಿಂತಳು.

"ನೀವು ಒತ್ತಿದ್ರಾ ಇಲ್ವಾ?"

"ಒತ್ತಿದೆ," ಎಂದರು ದಯಾನಂದ. ಒಮ್ಮೆ ಬಾಯಿ ಬಿಟ್ಟ ಮೇಲೆ ತಡೆಯಲಾಗಲಿಲ್ಲ. ಅವಳು ದಿನ ಬಿಟ್ಟು ದಿನ ಸಾನಪಾಡಾದಲ್ಲಿ ನಿಲ್ಲುತ್ತಿದ್ದದ್ದು ಫೋನಿನಲ್ಲಿ ಕಾಣುತ್ತಿತ್ತಂತೆ. ಗಲ್ಲಾದಲ್ಲಿ ಕೂತು ಬಿಲ್ಲು ತೆಗೆದುಕೊಳ್ಳುತ್ತಿದ್ದರೂ ಕಣ್ಣು ಅದರ ಮೇಲೇ. ಅಂದು ಕೇಳಿದರೆ ಸುಳ್ಳು ಹೇಳಿದಳು. ಗಾಡಿ ಬಂದ್ ಮಾಡಿದರೆ ಅವಳೇ ಫೋನ್ ಮಾಡುತ್ತಾಳೆ, ಕರೆತರಲು ಹೋದರೆ ಜೊತೆಯಲ್ಲಿ ಯಾರಿದ್ದಾರೆ ಎಂದು ತಿಳಿಯುತ್ತದೆ ಎಂದುಕೊಂಡು ಒತ್ತಿದರು. "ಫೋನಲ್ಲಿ ಗಾಡಿ ನಿಂತೇ ಇತ್ತು ಮಗಾ. ನೀನು ಹೊರಟದ್ದು ಅದು ತೋರಿಸ್ಲೇ ಇಲ್ಲ."

"ನಾನು ಸುಳ್ಳು ಹೇಳಿದ್ದು ಹೌದು. ಬೈಬಹುದಿತ್ತು. ಬಂದು ಎರಡು ಬಾರಿಸಬಹುದಿತ್ತು." ಪ್ರೇಕ್ಷಾಳ ಸ್ವರ ಏರಲಿಲ್ಲ. "ಆಸ್ಪತ್ರೆಯಲ್ಲಿ ನನ್ನ ಕೈ ಹಿಡ್ಕೊಂಡು ನಿನಗೆ ಗಾಬರಿ ಆಗಿರ್ಬೇಕು ಅಂದ್ರಲ್ಲ ಪಪ್ಪ. ಯಾಕೆ ನಿಂತಿತು ಅಂತ ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದ್ರಿ. ಎಲ್ಲರ ಎದುರು ನನ್ನನ್ನು ಪೆದ್ದಿ ಮಾಡಿದ್ರಿ. ಗಾಡಿಯನ್ನೂ ದಾಟಿಸ್ಲಿಕ್ಕೆ ನೋಡಿದ್ರಿ."

ಅಪ್ಪ ಅಲ್ಲವಾ, ಕಾಳಜಿಗೆ ಮಾಡಿದ್ದು ಎಂದು ಹೇಳಹೊರಟ ಪ್ರಫುಲ್ಲಾ ಮಗಳ ಮುಖ ನೋಡಿ ನಿಲ್ಲಿಸಿದರು. ಪೆಟ್ಟಿಗೆ ಹಾಕಿಸಿದ್ದು ಅವರಿಗೆ ಗೊತ್ತಿತ್ತು. ಬಟನ್ ಒತ್ತಿದ್ದು ಗೊತ್ತಿರಲಿಲ್ಲ. ಅವರು ಗಂಡನತ್ತ ತಿರುಗಿ, ನನಗಾದರೂ ಹೇಳಬಹುದಿತ್ತಲ್ಲ ಎಂದರು. ಆಮೇಲೆ ಗಂಡನ ಮುಂದಿದ್ದ ತಿಂಡಿಯ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋಗಿಬಿಟ್ಟರು.

ಈ ನಡುವೆ ಲೋಕನಾಥ ಮಾಮ ಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡು ಅತ್ತಿತ್ತ ತಿರುಗಿಸಿ ನೋಡುತ್ತಿದ್ದರು.

"ಭಾವ," ಎಂದರು, "ಇದು ಈಗಲೂ ಕೆಲಸ ಮಾಡ್ತದಾ?"

ತಾನು ಏನು ಕೇಳಿದೆ ಎಂಬುದು ಅವರಿಗೆ ಹೊಳೆದಂತೆಯೂ ಇರಲಿಲ್ಲ. ಪ್ರೇಕ್ಷಾ ಪೆಟ್ಟಿಗೆಯನ್ನು ಅವರ ಕೈಯಿಂದ ಕಿತ್ತುಕೊಂಡಳು. ಅವರ ಎದುರೇ ನಿಶ್ಮಿತಾಳಿಗೆ ಫೋನ್ ಹಚ್ಚಿದಳು. ಈ ಗಾಡಿ ಅವಳಿಗೆ ಸಿಗುವುದಿಲ್ಲ ಎಂದಳು. ಅವಳಪ್ಪ ಬೇರೆ ಯಾವ ಗಾಡಿ ಕೊಡಿಸಿದರೂ ಮೊದಲು ಸೀಟು ಎತ್ತಿ, ಪಂಪಿನ ವೈರಿಗೆ ಹೊಸ ಟೇಪು ಸುತ್ತಿದೆಯೇ ನೋಡಿಕೊಳ್ಳಬೇಕು ಎಂದಳು. ಯಾಕೆಂದು ಆ ಹುಡುಗಿ ಹಿಂದಿಯಲ್ಲಿ ಕೇಳಿದ್ದಕ್ಕೆ ಎಲ್ಲ ವಿವರವಾಗಿ ಹೇಳಿದಳು. ಮಾಮ ಗುಲಾಬಿ ಹೆಲ್ಮೆಟ್ ಎತ್ತಿಕೊಂಡು, ದೊಡ್ಡವರಿಗೆ ಮರ್ಯಾದೆ ಇಲ್ಲದ ಮನೆ ಎಂದು ಗೊಣಗುತ್ತ ಮೆಟ್ಟಿಲಿಳಿದರು.

"ಈಗ ಮುಲ್ಕಿಗೆ ಫೋನ್ ಮಾಡಿ," ಎಂದಳು ಅವಳು ತಂದೆಗೆ. "ಅತ್ತೆಗೆ ನೀವೇ ಹೇಳಿದ್ದಲ್ವಾ ನನಗೆ ಓಡಿಸ್ಲಿಕ್ಕೆ ಬರುದಿಲ್ಲ ಅಂತ. ಸ್ಪೀಕರ್ ಹಾಕಿ."

ದಯಾನಂದ ಬಹಳ ಹೊತ್ತು ಫೋನನ್ನು ಕೈಯಲ್ಲಿ ಹಿಡಿದು ಕೂತರು. ಬೇರೆ ದಿನವಾಗಿದ್ದರೆ ಸಾಕು ಬಿಡಿ ಎನ್ನುತ್ತಿದ್ದಳೋ ಏನೋ. ಅಂದು ಎನ್ನಲಿಲ್ಲ. ಅಕ್ಕ ಫೋನೆತ್ತಿದಾಗ ಅವರು, ಪ್ರೇಕ್ಷಾಳದು ತಪ್ಪಲ್ಲವಂತೆ, ಗಾಡಿಯಲ್ಲೇ ಏನೋ ದೋಷ ಇತ್ತಂತೆ ಎಂದರು. ಹೇಳಿ ಮಗಳನ್ನು ನೋಡಿದರು. ಅವಳು ಕದಲದೆ ನಿಂತಿದ್ದಳು. ಆ ಕಡೆಯಿಂದ ಅಕ್ಕ, ಯಾವ ದೋಷ, ಕಂಪನಿಯವರ ಮೇಲೆ ಕೇಸು ಹಾಕು ಎಂದು ಶುರುಮಾಡಿದ್ದರು.

"ಕಂಪನಿ ಅಲ್ಲ ಅಕ್ಕ," ಎಂದರು ದಯಾನಂದ. "ನಾನೇ ಗಾಡಿ ಬಂದ್ ಮಾಡಿದ್ದು. ಫೋನಿನಿಂದ."

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹಗುರಾಗುತ್ತದೆ ಎಂದುಕೊಂಡಿದ್ದಳು, ಆಗಲಿಲ್ಲ. ಕಂಟೇನರಿನ ಮೂತಿ ಬೆನ್ನಿಗೆ ತಾಗಿದ ಆ ಕ್ಷಣ ಎದ್ದು ಬಂತು. ಆ ಹೊತ್ತಿಗೆ ಹೋಟೆಲಿನ ಗಲ್ಲಾದಲ್ಲಿ ಪಪ್ಪ ಚಿಲ್ಲರೆ ಕೊಡುತ್ತ, ಅವಳ ಫೋನು ಈಗ ಬರುತ್ತದೆ ಎಂದು ಕಾಯುತ್ತಿದ್ದರು.

ಪೊಲೀಸರ ಬಳಿ ಅವಳು ಹೋಗಲಿಲ್ಲ. ಅದಕ್ಕಾಗಿ ಸುಮೇಧಾ ಇಂದಿಗೂ ಅವಳ ಮೇಲೆ ಸಿಟ್ಟಾಗಿದ್ದಾಳೆ. ಎಲುಬು ಕೂಡಿ ಡಾಕ್ಟರು ಜೋಳಿಗೆ ಬಿಚ್ಚಿಸಿದ ವಾರವೇ ಪ್ರೇಕ್ಷಾ ವೈರನ್ನು ಮೆಕ್ಯಾನಿಕ್ಕಿನಿಂದ ಸರಿಯಾಗಿ ಕೂಡಿಸಿ, ಸಾಮಾನು ಕಟ್ಟಿ ಸಾನಪಾಡಾಕ್ಕೆ ಹೊರಟಳು. ತಾಯಿ ಉಪ್ಪಿನಕಾಯಿ ಕಟ್ಟಿಕೊಟ್ಟರು, ಹೋಗಬೇಡ ಎನ್ನಲಿಲ್ಲ. ಮಹಾಪೆಯ ಇಳಿಜಾರಿನಲ್ಲಿ, ತಾನು ಬಿದ್ದ ಜಾಗದ ಎದುರು ಬಂದಾಗ ಅವಳು ಮೀಟರಿನ ದೀಪದತ್ತ ಒಮ್ಮೆ ನೋಡಿಕೊಂಡಳು. ಗಾಡಿ ನಿಲ್ಲಿಸದೆ ದಾಟಿದಳು.

ದಯಾನಂದ ದಿನವೂ ಫೋನ್ ಮಾಡುತ್ತಿದ್ದರು. ಅವಳು ಮನಸ್ಸು ಬಂದರೆ ಎತ್ತುತ್ತಿದ್ದಳು. ಒಂದು ಮಧ್ಯಾಹ್ನ, ರಜೆಯ ದಿನ, ಅವರು ಸಾನಪಾಡಾ ಸ್ಟೇಷನ್ನಿನ ಹೊರಗೆ ನಿಂತು ಫೋನ್ ಮಾಡಿ, ಯಾವ ಸೆಕ್ಟರು, ಯಾವ ಬಿಲ್ಡಿಂಗು ಎಂದು ಕೇಳಿದರು. ಅವಳು ದಾರಿ ಹೇಳಿದಳು. ಕೆಳಗಿಳಿದು ಬಂದಾಗ ಗೇಟಿನ ಹೊರಗೆ, ಬಿಸಿಲಿನಲ್ಲಿ, ಹೋಟೆಲಿನ ಬನ್ಸಿನ ಪೊಟ್ಟಣ ಹಿಡಿದು ನಿಂತಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು. ಸ್ವಲ್ಪ ಇಳಿದುಹೋಗಿದ್ದರು.

ಅವಳು ಪೊಟ್ಟಣ ತೆಗೆದುಕೊಂಡಳು. ಮೇಲೆ ಬನ್ನಿ ಎನ್ನಲಿಲ್ಲ.

"ಇನ್ನೂ ಸಿಟ್ಟು ಉಂಟಾ ಮಗಾ?"

"ಉಂಟು ಪಪ್ಪ."

ಅವರು ತಲೆಯಾಡಿಸಿದರು, ಆಯಿತು ಎಂಬಂತೆ. ಬನ್ಸು ಬಿಸಿ ಇರುವಾಗಲೇ ತಿನ್ನು ಎಂದು ಹೇಳಿ ಸ್ಟೇಷನ್ನಿನ ಕಡೆಗೆ ನಡೆದರು.